ಕುಡಿದ ಬೆಳಕಿನ ಲೆಕ್ಕ

ಬಾ ಓಲಿಂಡಾ, ಕುರ್ಚಿ ಎಳೆದುಕೊ.
ಫ್ಯಾನು ಹಾಕುವಂತಿಲ್ಲ, ಕೂದಲು ಹಾರಿಹೋಗುತ್ತದೆ.
ಪುಯೆರ್ತೊ ಮಾಲ್ಡೊನಾಡೊದ ಮಧ್ಯಾಹ್ನವೇ ಹೀಗೆ,
ಬಸಿಯದೆ ಮುಚ್ಚಿಟ್ಟ ಅನ್ನ.

ನಿನ್ನ ನೆತ್ತಿಯ ಹಿಂದಿನಿಂದ ಕತ್ತರಿಸಿಕೊಂಡ
ಪೆನ್ಸಿಲ್ ದಪ್ಪದ ಈ ಗೊಂಚಲಿಗೆ
ದಾರ ಕಟ್ಟಿದ ಕಡೆ ಬುಡ.
ಬುಡ ಅಂದರೆ ಮೊನ್ನೆ ಮೊನ್ನೆ. ತುದಿ ಅಂದರೆ ಹೋದ ವರ್ಷ.
ತಿಂಗಳಿಗೊಂದು ಸೆಂಟಿಮೀಟರು ಬೆಳೆಯುತ್ತದೆ
ನಾವು ಉಂಡದ್ದರ ನೆನಪು.

ಹನ್ನೆರಡು ತುಂಡು ಮಾಡಿದ್ದೇನೆ.
ಒಂದೊಂದನ್ನೂ ನಿಕ್ಕಲ್ಲಿನ ಪುಟ್ಟ ದೋಣಿಯಲ್ಲಿಟ್ಟು
ಕುಲುಮೆಯೊಳಕ್ಕೆ ತಳ್ಳುತ್ತೇನೆ.
ಹೌದು, ದೋಣಿ ಅಂತಲೇ ಕರೆಯುತ್ತೇವೆ, ನಗಬೇಡ,
ನಿನ್ನ ಗಂಡನದಕ್ಕೆ ಮೋಟಾರಿದೆ, ಇದಕ್ಕಿಲ್ಲ.

ಕೂದಲು ಸುಟ್ಟುಹೋಗುತ್ತದೆ.
ಅದರೊಳಗಿದ್ದದ್ದು ಸುಡುವುದಿಲ್ಲ.
ಆವಿಯಾಗಿ ಎದ್ದು ಹೊರಡುತ್ತದೆ ಪಾದರಸ,
ಪಾದವಿಲ್ಲದೆ ನಡೆಯುವ ರಸ.
ಅದರ ದಾರಿಯಲ್ಲಿ ಕಾದು ಕೂತಿದೆ
ಮರಳಿಗೆ ಬಳಿದ ಒಂದು ಚಿಟಿಕೆ ಚಿನ್ನ.

ಚಿನ್ನ ಅಂದ ಕೂಡಲೇ ತಲೆ ಎತ್ತಿದೆಯಲ್ಲ!
ಅಲ್ಲಿ, ನದಿಯ ಮೇಲ್ಗಡೆ, ಕಾಡು ಬಗೆದ ಕೆಸರುಹೊಂಡಗಳಲ್ಲಿ
ಪಾದರಸ ಸುರಿದು ಚಿನ್ನ ಹಿಡಿಯುತ್ತಾರೆ;
ಇಲ್ಲಿ ನಾನು ಚಿನ್ನವಿಟ್ಟು ಪಾದರಸ ಹಿಡಿಯುತ್ತೇನೆ.
ಅದೇ ಅಪ್ಪುಗೆ, ತಿರುವುಮುರುವು.
ಕಾಯಿಸಿದರೆ ಮತ್ತೆ ಕೈಬಿಡುತ್ತದೆ,
ನಮ್ಮಣ್ಣ ಎಫ್ರಾಯಿನ್ ಬಾಣಲೆಯಲ್ಲಿ ಕಾಯಿಸುತ್ತಿದ್ದ ಹಾಗೆಯೇ,
ಮೂಗಿಗೊಂದು ಬಟ್ಟೆ ಕೂಡ ಕಟ್ಟದೆ.

ಈಗ ದೀಪ.
ಅದರ ಬುರುಡೆಯಲ್ಲೂ ಪಾದರಸವೇ.
ಅದು ಚೆಲ್ಲುವುದು ನಮ್ಮ ಕಣ್ಣಿಗೆ ಬೀಳದ ಬೆಳಕು,
ನೇರಳೆಯ ಅಂಚು ದಾಟಿದ ಮೇಲೆ
ಇನ್ನೂರೈವತ್ತನಾಲ್ಕು ನ್ಯಾನೋಮೀಟರಿನ ಹತ್ತಿರ ಒಂದು ಗೆರೆ.
ಹಾವಿನ ಹೆಜ್ಜೆ ಹಾವಿಗೇ ಗೊತ್ತು;
ಪಾದರಸದ ಬೆಳಕು ಪಾದರಸಕ್ಕೇ ರುಚಿ.
ಹೊಗೆ, ಎಣ್ಣೆ, ನೀನು ಹಚ್ಚುವ ಶಾಂಪೂ
ಎಲ್ಲವನ್ನೂ ದಾರಿಯಲ್ಲೇ ತಡೆದಿದ್ದೇನೆ.
ನಿನ್ನೊಳಗಿದ್ದು ಬಂದ ಪರಮಾಣು ಮಾತ್ರ ಆ ಗೆರೆಗೆ ಬಾಯಿಡುತ್ತದೆ,
ಅದರ ಒಂದು ಎಲೆಕ್ಟ್ರಾನು ಒಂದು ಮೆಟ್ಟಿಲು ಹತ್ತುತ್ತದೆ.
ಅರ್ಧ ಮೆಟ್ಟಿಲು ಅಂತ ಇಲ್ಲ. ಚೌಕಾಸಿ ಇಲ್ಲ.
ಆಚೆ ದಡದಲ್ಲಿ ಕೂತು ನಾನು ಎಣಿಸುವುದು
ಬಾರದೆ ಹೋದ ಬೆಳಕನ್ನು.

ಕೇಳು. ತುದಿಯ ತುಂಡು: ಎರಡು.
ಆಮೇಲೆ ಮೂರು, ಮೂರೂವರೆ.
ಒಂದರೊಳಗಿದ್ದರೆ ಒಳ್ಳೆಯದು, ಗೋಡೆಯ ಕಾಗದದ ಪ್ರಕಾರ.
ಜುಲೈ ಆರು.
ಆಗಸ್ಟು ಒಂಬತ್ತು.
ಏನಾಗಿತ್ತು ಆಗಸ್ಟಿನಲ್ಲಿ?

"ನೀರು ಇಳಿದಿತ್ತು," ಅನ್ನುತ್ತೀಯ,
"ಜುಂಗಾರೊ ಸಿಕ್ಕಿತ್ತು, ದೋಣಿಗೆ ಅಡ್ಡ ಮಲಗಿಸಿದರೆ ಬಾಲ ಹೊರಗೆ.
ಬಸುರಿ ಉಣ್ಣಲಿ ಅಂತ ದಪ್ಪ ತುಂಡುಗಳನ್ನೆಲ್ಲ
ಅತ್ತೆ ನನಗೇ ಬಡಿಸಿದರು, ವಾರವಿಡೀ."

ಅತ್ತೆಯ ಅಕ್ಕರೆ ಬೆಳಕು ಕುಡಿಯುವಂತಿದ್ದರೆ
ಆ ಆಗಸ್ಟು ಪೂರ್ತಿ ಕತ್ತಲಾಗುತ್ತಿತ್ತು ನನ್ನ ಪರದೆಯ ಮೇಲೆ.

ನನ್ನದೂ ಒಂದಿದೆ, ಹೇಳಿಬಿಡುತ್ತೇನೆ.
ನನ್ನ ಕಾಲೇಜಿನ ಫೀಸು ಕಟ್ಟಿದ್ದು ಅಣ್ಣನ ಆ ಬಾಣಲೆ.
ಈಗ ಅವನ ಚಮಚದಲ್ಲಿ ಸೂಪು ನಿಲ್ಲುವುದಿಲ್ಲ,
ಬಾಯಿಗೆ ತಲುಪುವಷ್ಟರಲ್ಲಿ ಅಂಗಿಯ ಪಾಲು.
ಆವಿ ಕುಡಿದವರದ್ದು ಕೂದಲು ಹೇಳುವುದಿಲ್ಲ, ಮೂತ್ರ ಹೇಳುತ್ತದೆ.
ಸೀಸೆ ಕೊಟ್ಟು ಎರಡು ವರ್ಷವಾಯಿತು.
ಅದರಲ್ಲಿ ಮೊಳೆ ತುಂಬಿಟ್ಟಿದ್ದಾನೆ.

ಸದ್ಯ, ಈಚಿನ ತುಂಡು ನಾಲ್ಕಕ್ಕೆ ಇಳಿದಿದೆ, ನೋಡು.
ಜುಂಗಾರೊ ಬೇಡ, ಮೀನು ತಿನ್ನುವ ಮೀನು ಯಾವುದೂ ಬೇಡ.
ಬೊಕಿಚಿಕೊ ತಿನ್ನು, ಮುಳ್ಳು ಜಾಸ್ತಿ, ಆದರೂ.

ನೀನು ಏಳುವುದಿಲ್ಲ.
ರವಿಕೆಯೊಳಗಿಂದ ಮಡಿಸಿದ ಬಿಸ್ಕತ್ತಿನ ಕಾಗದ ತೆಗೆಯುತ್ತೀಯ,
ಒಳಗೆ ಹೂವಿನ ಕೇಸರದಂಥ ಒಂದಿಷ್ಟು ಕೂದಲು,
ಮಗುವಿನದು, ಮೊದಲ ಸಲ ಕತ್ತರಿಸಿದ್ದು.
"ಇದನ್ನೂ."

ತಿಂಗಳು ತಿಂಗಳಾಗಿ ತುಂಡರಿಸಲು ಉದ್ದವೇ ಇಲ್ಲ.
ಇದ್ದಷ್ಟೂ ಒಂದೇ ದೋಣಿಗೆ.
ತೂಕ ಮಾಡುವ ತಟ್ಟೆ ನನ್ನ ಉಸಿರಿಗೇ ಅಲ್ಲಾಡುತ್ತಿದೆ,
ಸ್ವಲ್ಪ ತಡಿ.
ಆ ಬಾಗಿಲು ಹಾಕಿಬಿಡು, ಓಲಿಂಡಾ, ಗಾಳಿ.